ಬೈಪಾಸ್ ಮಾಡಿಸುವ ಮುಂಚೆ ಆಸ್ಪತ್ರೆಗೆ ಕೇಳಬೇಕಾದ ಲೆಕ್ಕ

ನಮ್ಮ ಸಿಂಧನೂರು ಕಡೆ ಭತ್ತ ಕೊಯ್ಯುವ ಮಷಿನ್ ಬಂದರೆ ಮೊದಲು ಕೇಳುವುದು ಡ್ರೈವರ್ ಯಾರು ಅಂತ. ಈ ಸೀಸನ್‌ನಲ್ಲಿ ಎಷ್ಟು ಎಕರೆ ಕೊಯ್ದಿದ್ದಾನೆ ಅಂತ. ಹೊಸಬ ಆದರೆ ಅರ್ಧ ಕಾಳು ಹುಲ್ಲಿನ ಜೊತೆಗೇ ಹೋಗುತ್ತದೆ, ಎಲ್ಲರಿಗೂ ಗೊತ್ತು. ಇಷ್ಟು ಲೆಕ್ಕ ಹಾಕುವ ನಾವೇ, ಕಾಕಾಗೆ ಹೃದಯದ ರಕ್ತನಾಳದಲ್ಲಿ ಮೂರು ಕಡೆ ಬ್ಲಾಕ್ ಇದೆ, ಬೈಪಾಸ್ (ರಕ್ತ ಹರಿಯೋಕೆ ಬೇರೆ ದಾರಿ ಮಾಡುವ ಆಪರೇಷನ್) ಆಗಬೇಕು ಅಂದಾಗ ಏನು ಮಾಡಿದೆವು ಗೊತ್ತಾ? ಯಾರದೋ ಬೀಗರು ಹೇಳಿದ್ದು, ರೋಡ್ ಪಕ್ಕದ ದೊಡ್ಡ ಬೋರ್ಡ್, ಒಳಗಿನ ಎಸಿ, ಇವನ್ನು ನೋಡಿ ಆಸ್ಪತ್ರೆ ಆರಿಸೋಕೆ ಹೊರಟಿದ್ದೆವು.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಈಗ ಎದೆನೋವು ಬಂದು ಬೆವರು ಸುರಿಯುತ್ತಿದ್ದರೆ ಈ ಲೆಕ್ಕ ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಹೋಗಿ ಇಸಿಜಿ ಮಾಡಿಸಿ. ರಕ್ತನಾಳ ಪೂರ್ತಿ ಮುಚ್ಚಿಕೊಂಡ ಹಾರ್ಟ್ ಅಟ್ಯಾಕ್ ಆಗಿದ್ದು, 2 ಗಂಟೆಯೊಳಗೆ ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸೋಕೆ ಆಗದಿದ್ದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟು ಆಮೇಲೆ ಮುಂದೆ ಕಳಿಸುವುದೇ ಸರಿಯಾದ ದಾರಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ರಾಯಚೂರಿನಿಂದ ಹೈದರಾಬಾದ್ ಸುಮಾರು 200 ಕಿಲೋಮೀಟರ್, ಬಳ್ಳಾರಿಯಿಂದ ಬೆಂಗಳೂರು 300. ಕೊಪ್ಪಳದವರಿಗೆ ಹುಬ್ಬಳ್ಳಿ ಸ್ವಲ್ಪ ಹತ್ತಿರ, ಅಷ್ಟೇ. ಒಳ್ಳೆ ಆಸ್ಪತ್ರೆಗೇ ಹೋಗೋಣ ಅಂತ ಕಾರು ಹತ್ತಿಸಿ ದಾರಿಯಲ್ಲೇ ಜೀವ ಕಳಕೊಂಡವರ ಮನೆ ನಮ್ಮ ಓಣಿಯಲ್ಲೇ ಇದೆ.

ಆದರೆ ಡಾಕ್ಟರ್ "ತಿಂಗಳೊಳಗೆ ಮಾಡಿಸಿ" ಅಂದಿದ್ದರೆ ನಿಮಗೆ ಸಮಯ ಇದೆ. ಆಗ ಆಸ್ಪತ್ರೆಯಲ್ಲಿ ಎಷ್ಟು ಆಪರೇಷನ್ ಆಗಿದೆ ಅನ್ನುವ ಲೆಕ್ಕ ಕೇಳಿ.

ಇದು ಹೊಸ ಮಾತಲ್ಲ. 1979ರಲ್ಲೇ ಅಮೆರಿಕದಲ್ಲಿ ಲೆಕ್ಕ ಹಾಕಿ ನೋಡಿದ್ದರು: ಓಪನ್ ಹಾರ್ಟ್, ಬೈಪಾಸ್‌ನಂಥ ಆಪರೇಷನ್‌ಗಳನ್ನು ವರ್ಷಕ್ಕೆ 200 ಅಥವಾ ಅದಕ್ಕಿಂತ ಜಾಸ್ತಿ ಮಾಡುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ. 2002ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಬೈಪಾಸ್‌ಗೆ ಈ ವ್ಯತ್ಯಾಸ ಇತ್ತು, ಆದರೆ ಮೇದೋಜೀರಕದ ಕ್ಯಾನ್ಸರ್ ಆಪರೇಷನ್‌ನಷ್ಟು ದೊಡ್ಡದಲ್ಲ. ಹಾಗಾಗಿ ಸಂಖ್ಯೆ ಒಂದನ್ನೇ ಹಿಡಿದು ಕೂರಬೇಡಿ. ಸ್ಟೆಂಟ್ ವಿಷಯಕ್ಕೆ ಅಲ್ಲಿನ ಹೃದ್ರೋಗ ತಜ್ಞರ ಸಂಘಗಳು 2013ರಲ್ಲಿ ಹೇಳಿದ್ದು ಡಾಕ್ಟರ್‌ಗೆ ವರ್ಷಕ್ಕೆ ಕನಿಷ್ಠ 50, ಆಸ್ಪತ್ರೆಗೆ 200. ನ್ಯೂಯಾರ್ಕ್ ರಾಜ್ಯದಲ್ಲಿ ಯಾವ ಸರ್ಜನ್ ಎಷ್ಟು ಬೈಪಾಸ್ ಮಾಡಿದರು, ಎಷ್ಟು ಜನ ತೀರಿಕೊಂಡರು ಅನ್ನುವುದನ್ನೂ ಪ್ರಕಟಿಸುತ್ತಾರೆ. ನಮ್ಮಲ್ಲಿ ಬಾಯಿಬಿಟ್ಟು ಕೇಳಬೇಕು.

ನಾನು ಒಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ. "ಸಾವಿರಾರು ಮಾಡಿದ್ದೀವಿ ಸರ್." ಯಾವಾಗಿಂದ? "ಸ್ಟಾರ್ಟ್ ಆದಾಗಿಂದ." ಇದು ಉತ್ತರ ಅಲ್ಲ. ಹೀಗೆ ಕೇಳಿ: ಹೋದ 12 ತಿಂಗಳಲ್ಲಿ ಎಷ್ಟು, ಬೈಪಾಸ್ ಎಷ್ಟು, ಸ್ಟೆಂಟ್ ಎಷ್ಟು. ಎರಡನ್ನೂ ಕೂಡಿಸಿ ಹೇಳಿದರೆ ಒಪ್ಪಬೇಡಿ. ನಮಗೆ ಆಪರೇಷನ್ ಮಾಡುವ ಡಾಕ್ಟರ್ ತಾವೇ ಎಷ್ಟು ಮಾಡಿದ್ದಾರೆ, ಎಷ್ಟು ಜನ ಉಳಿಯಲಿಲ್ಲ ಅಂತಲೂ ಕೇಳಿ. ಕೌಂಟರ್‌ನಲ್ಲಿ ಕೂತ ಹುಡುಗಿಗೆ ಗೊತ್ತಿರಲ್ಲ ಪಾಪ, ಡಾಕ್ಟರನ್ನೇ ಕೇಳಬೇಕು. ದಿನಾ ಈ ಕೆಲಸ ಮಾಡುವವರು ಸಿಟ್ಟಾಗುವುದಿಲ್ಲ, ತಕ್ಷಣ ಹೇಳುತ್ತಾರೆ. ಸಿಟ್ಟಾದರೆ ಅದೂ ಒಂದು ಉತ್ತರವೇ ಅಲ್ವಾ?

"ನಮ್ಮಲ್ಲಿ ಒಂದೂ ಸಾವಿಲ್ಲ" ಅನ್ನುವ ಮಾತಿಗೆ ಮಾತ್ರ ಮರುಳಾಗಬೇಡಿ. ಎಷ್ಟು ಕೇಸಿನಲ್ಲಿ ಅಂತ ಕೇಳಿ. 100ಕ್ಕೆ 5 ಜನ ಸಾಯುವಂಥ ಆಸ್ಪತ್ರೆ ಅಂದುಕೊಳ್ಳಿ, ಅಂದರೆ ಚೆನ್ನಾಗಿಲ್ಲದ ಆಸ್ಪತ್ರೆ. ಅಲ್ಲಿ ಬರೀ 20 ಆಪರೇಷನ್ ಆಗಿದ್ದರೆ ಒಂದೂ ಸಾವಿಲ್ಲದೆ ಹೋಗುವ ಸಾಧ್ಯತೆ 100ಕ್ಕೆ 36ರಷ್ಟು ಇರುತ್ತದೆ. ಅದು ಅದೃಷ್ಟ, ಕೈಚಳಕ ಅಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ರಾತ್ರಿಯ ವಿಷಯ. ವಾರಕ್ಕೊಮ್ಮೆ ದೊಡ್ಡ ಊರಿಂದ ಬಂದು ಆಪರೇಷನ್ ಮಾಡಿ ಸಂಜೆ ರೈಲಿಗೆ ವಾಪಸ್ ಹೋಗುವ ಸರ್ಜನ್ ಎಷ್ಟೇ ಅನುಭವಸ್ಥರಿರಲಿ, ಮೂರನೇ ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಅವರು ಅಲ್ಲಿರುವುದಿಲ್ಲ. ಜಾಸ್ತಿ ಕೇಸ್ ಬರುವ ಕಡೆ ಜೀವ ಉಳಿಯುವುದು ಸರ್ಜನ್ ಕೈಯಿಂದ ಮಾತ್ರ ಅಲ್ಲ, ತೊಂದರೆ ಶುರುವಾದ ಕೂಡಲೇ ಗುರುತಿಸುವ ಐಸಿಯು ಸಿಸ್ಟರ್, ಅರಿವಳಿಕೆ ಡಾಕ್ಟರ್, ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್ ನಡೆಸುವವರು, ಕರೆದರೆ ಸಿಗುವ ರಕ್ತ, ಇವೆಲ್ಲ ಸೇರಿ. ಕಾಕಾಗೆ ಕೊನೆಗೆ ಬೆಂಗಳೂರಿನಲ್ಲಿ ಬೈಪಾಸ್ ಆಯಿತು. ಮೂರನೇ ರಾತ್ರಿ ಮಾನಿಟರ್ ಒಂದೇ ಸಮ ಕೂಗಿತು, ಎದೆಬಡಿತ ತಾಳ ತಪ್ಪಿತ್ತು. ನಮ್ಮ ಕಾಕಿ ದೇವರ ಹೆಸರು ಹೇಳುತ್ತ ಗೋಡೆಗೆ ಒರಗಿಬಿಟ್ಟಳು. ಸಿಸ್ಟರ್ ಬಂದು ನೋಡಿ, ಡಾಕ್ಟರಿಗೆ ಫೋನ್ ಮಾಡಿ, ಡ್ರಿಪ್‌ಗೆ ಔಷಧಿ ಸೇರಿಸಿ, "ಬೈಪಾಸ್ ಆದವರಿಗೆ ಇದು ಆಗ್ತಾ ಇರುತ್ತೆ ಅಮ್ಮ, ಈ ವಾರ ಇವರು ಮೂರನೆಯವರು" ಅಂದರು. ಆ ಮೂರನೆಯವರು ಅನ್ನೋ ಮಾತಿಗೇ ನಾವು ಅಷ್ಟು ದೂರ ಹೋಗಿದ್ದು ಅಂತ ನನಗೆ ಆಗ ಅರ್ಥವಾಯಿತು.

ಸಂಖ್ಯೆಗೆ ಇನ್ನೊಂದು ಮುಖವೂ ಇದೆ. ಬೇಡದವರಿಗೂ ಸ್ಟೆಂಟ್ ಹಾಕುತ್ತ ಹೋದರೆ ಲೆಕ್ಕ ಏರುತ್ತದೆ. 5,000ಕ್ಕೂ ಜಾಸ್ತಿ ಜನರ ಮೇಲೆ ನಡೆದ ಇಸ್ಕೀಮಿಯಾ ಅನ್ನುವ ಅಧ್ಯಯನದಲ್ಲಿ, ಅಟ್ಯಾಕ್ ಆಗದೆ ಸ್ಥಿರವಾಗಿದ್ದ ರೋಗಿಗಳಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ, ಮಾತ್ರೆಯಿಂದ ಶುರುಮಾಡಿದ್ದಕ್ಕಿಂತ ಸಾವು ಕಡಿಮೆಯಾಗಲಿಲ್ಲ. ಹಾಗಂತ ಎಲ್ಲರಿಗೂ ಮಾತ್ರೆ ಸಾಕು ಅಂತಲ್ಲ, ಎಡಗಡೆಯ ಮುಖ್ಯ ರಕ್ತನಾಳವೇ ಕಟ್ಟಿದವರ ಕಥೆ ಬೇರೆ. ಅದಕ್ಕೇ ಆಂಜಿಯೋಗ್ರಾಮ್ (ಹೃದಯದ ರಕ್ತನಾಳದ ಎಕ್ಸ್‌ರೇ ಚಿತ್ರ) ಸಿಡಿ ಕೇಳಿ ಪಡೆಯಿರಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಬರೀ ರಿಪೋರ್ಟ್ ಹಾಳೆ ಸಾಲದು.

ಖರ್ಚಿಗೆ ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ. ನಾವು ಅದನ್ನು ಮರೆತು ಸೀದಾ ಹೋಗಿ, ಆ ಒಂದು ಚೀಟಿಗಾಗಿ ತಮ್ಮನನ್ನು ರಾತ್ರಿ ಬಸ್ಸಿಗೆ ವಾಪಸ್ ಕಳಿಸಬೇಕಾಯಿತು.