ನಿಮ್ಮ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣ್ತಿಲ್ವಾ? ಮೊದಲು ಈ ಟಿಕ್ ತೆಗೆಯಿರಿ

ವೆಬ್‌ಸೈಟ್ ಶುರುವಾಗಿ ತಿಂಗಳುಗಳಾದವು. ಅಂಗಡಿಯ ಹೆಸರನ್ನೇ ಹೊಡೆದು ಹುಡುಕಿದರೂ ಗೂಗಲ್‌ನಲ್ಲಿ ಸುಳಿವಿಲ್ಲ. ಇಂಥ ಹೊತ್ತಲ್ಲಿ ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸ, ಮಾಡಿಕೊಡ್ತೀವಿ ಅಂತ ದುಡ್ಡು ಕೇಳುವವರು ಜಾಸ್ತಿ. ಕೊಡುವ ಮುಂಚೆ ಸ್ವಲ್ಪ ಹೊತ್ತು ಕೂತು ನೀವೇ ನೋಡಿ. ನಿಮ್ಮ ಸೈಟೇ ಗೂಗಲ್‌ಗೆ ಬರಬೇಡ ಅನ್ನುತ್ತಿರಬಹುದು.

ವರ್ಡ್‌ಪ್ರೆಸ್ ಸೈಟ್ ಆದರೆ ಡ್ಯಾಶ್‌ಬೋರ್ಡ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್ ತೆರೆಯಿರಿ. ಕೆಳಗಡೆ ‘ಸರ್ಚ್ ಎಂಜಿನ್ ವಿಸಿಬಿಲಿಟಿ’ ಅಂತಿದೆ. ಪಕ್ಕದಲ್ಲಿ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳುವುದು ಬೇಡ ಅನ್ನುವ ಚೌಕದಲ್ಲಿ ಟಿಕ್ ಇದೆಯಾ? ಹಾಗಿದ್ದರೆ ತೆಗೆದು ಸೇವ್ ಮಾಡಿ. ಸೈಟ್ ಕಟ್ಟುವಾಗ ಡೆವಲಪರ್‌ಗಳು ಬೇಕಂತಲೇ ಈ ಟಿಕ್ ಹಾಕುತ್ತಾರೆ. ಅರ್ಧಂಬರ್ಧ ಪುಟಗಳು ಹೊರಗೆ ಕಾಣಬಾರದು, ಅಲ್ವಾ? ಆದರೆ ಲೈವ್ ಮಾಡುವ ಗಡಿಬಿಡಿಯಲ್ಲಿ ಅದನ್ನು ತೆಗೆಯುವುದು ಮರೆತುಹೋಗುತ್ತದೆ. ಸೈಟ್ ಎಂದಿನಂತೆ ತೆರೆಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಪುಟಗಳ ಪ್ರತಿ ಇಟ್ಟುಕೊಂಡು ಬೇಗ ತೋರಿಸುವ ಕ್ಯಾಶ್ ಪ್ಲಗಿನ್ ಇದ್ದರೆ ಅದನ್ನೂ ಕ್ಲಿಯರ್ ಮಾಡಿ, ಇಲ್ಲವಾದರೆ ಹಳೆಯ ಪುಟವೇ ಹೋಗುತ್ತಿರುತ್ತದೆ.

ಈ ಟಿಕ್ ಇದ್ದಾಗ ಪ್ರತಿ ಪುಟದ ಕೋಡ್‌ನಲ್ಲೂ ‘ನೋಇಂಡೆಕ್ಸ್’ ಅನ್ನುವ ಟ್ಯಾಗ್ ಸೇರಿಕೊಳ್ಳುತ್ತದೆ. ಅಂದರೆ, ಬಂದು ಓದು, ಆದರೆ ಪಟ್ಟಿಗೆ ಸೇರಿಸಬೇಡ. ಟಿಕ್ ತೆಗೆದ ಮೇಲೆ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ, ಪೇಜ್ ಸೋರ್ಸ್ ತೆರೆದು, ಆ ಪದವನ್ನು ಇಂಗ್ಲಿಷ್‌ನಲ್ಲಿ (noindex) ಹುಡುಕಿ. ಇನ್ನೂ ಇದ್ದರೆ ಎಸ್‌ಇಒ ಪ್ಲಗಿನ್‌ನ ಸೆಟ್ಟಿಂಗ್ ನೋಡಿ.

ಮುಂದಿನದು ರೋಬೋಟ್ಸ್ ಫೈಲ್. ಸೈಟ್‌ನ ಯಾವ ಭಾಗಕ್ಕೆ ಬರಬಹುದು, ಯಾವುದಕ್ಕೆ ಬರಬಾರದು ಅಂತ ಸರ್ಚ್ ಎಂಜಿನ್‌ಗಳಿಗೆ ಹೇಳುವ ಫೈಲ್ ಇದು. ನಿಮ್ಮ ವಿಳಾಸದ ಕೊನೆಗೆ ಒಂದು ಸ್ಲ್ಯಾಶ್, ಆಮೇಲೆ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ (robots.txt) ಅಂತ ಇಂಗ್ಲಿಷ್‌ನಲ್ಲಿ ಹೊಡೆಯಿರಿ. 1994ರಿಂದ ಬಳಕೆಯಲ್ಲಿರುವ ಪದ್ಧತಿ ಇದು. ಈ ನಿಯಮ ಯಾರಿಗೆ ಅಂತ ಹೇಳುವ ‘ಯೂಸರ್ ಏಜೆಂಟ್’ ಎದುರು ನಕ್ಷತ್ರದ ಗುರುತಿದ್ದರೆ ಎಲ್ಲ ಸರ್ಚ್ ಎಂಜಿನ್‌ಗಳಿಗೂ ಅಂತ ಅರ್ಥ. ಅದರ ಕೆಳಗಿನ ಸಾಲನ್ನು ಕಣ್ಣಿಟ್ಟು ನೋಡಿ. ‘ಡಿಸ್‌ಅಲೋ’ ಎದುರು ಖಾಲಿ ಇದ್ದರೆ ಎಲ್ಲವೂ ಮುಕ್ತ. ಅಲ್ಲೊಂದು ಒಂಟಿ ಸ್ಲ್ಯಾಶ್ ಇದ್ದರೆ ಇಡೀ ಸೈಟ್ ಬಂದ್! ಒಂದೇ ಒಂದು ಗೆರೆಯ ವ್ಯತ್ಯಾಸ. ಟೆಸ್ಟ್ ಸರ್ವರ್‌ನ ಫೈಲ್ ಹಾಗೇ ಕಾಪಿ ಆದಾಗ ಈ ಗೆರೆ ಜೊತೆಗೇ ಬಂದುಬಿಡುತ್ತದೆ.

ಎರಡು ತಡೆಯೂ ಒಟ್ಟಿಗಿದ್ದರೆ ಜೋಪಾನ. ನೋಇಂಡೆಕ್ಸ್ ತೆಗೆದು ರೋಬೋಟ್ಸ್ ಸಾಲನ್ನು ಹಾಗೇ ಬಿಟ್ಟರೆ ಗೂಗಲ್ ಒಳಗೆ ಬರುವುದೇ ಇಲ್ಲ. ನೀವು ಸರಿ ಮಾಡಿದ್ದು ಅದಕ್ಕೆ ತಿಳಿಯುವುದಾದರೂ ಹೇಗೆ? ಎರಡನ್ನೂ ತೆಗೆಯಲೇಬೇಕು.

ಇಷ್ಟಾದರೂ ಕಾಣದಿದ್ದರೆ ಹೋಸ್ಟಿಂಗ್‌ನವರನ್ನು ಕೇಳಿ. ಪುಟದ ಜೊತೆ ಸರ್ವರ್ ಕಳಿಸುವ ಮಾಹಿತಿಯಲ್ಲೂ, ಅಂದರೆ ಹೆಡರ್‌ನಲ್ಲೂ, ನೋಇಂಡೆಕ್ಸ್ ಹಾಕಬಹುದು, ಅದು ಪೇಜ್ ಸೋರ್ಸ್‌ನಲ್ಲಿ ಕಾಣುವುದಿಲ್ಲ.

ಕೊನೆಗೆ ಗೂಗಲ್ ಸರ್ಚ್ ಕನ್ಸೋಲ್, ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನದೇ ಸೇವೆ. ಇದು ಉಚಿತ. ಸೈಟ್ ನಿಮ್ಮದೇ ಅಂತ ದೃಢಪಡಿಸಿ, ಮೇಲಿರುವ ಹುಡುಕಾಟದ ಪೆಟ್ಟಿಗೆಯಲ್ಲಿ ಮುಖಪುಟದ ವಿಳಾಸ ಹಾಕಿ, ‘ಟೆಸ್ಟ್ ಲೈವ್ ಯುಆರ್‌ಎಲ್’ ಒತ್ತಿ. ತಡೆ ಉಳಿದಿದ್ದರೆ ಅದು ಯಾವುದು ಅಂತ ಅಲ್ಲೇ ಬರುತ್ತದೆ. ಎಲ್ಲ ಸರಿಯಿದ್ದರೆ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒತ್ತಿ. ರೋಬೋಟ್ಸ್ ಫೈಲ್‌ನ ಹಳೆಯ ಪ್ರತಿಯನ್ನು ಗೂಗಲ್ ಸಾಮಾನ್ಯವಾಗಿ 24 ಗಂಟೆವರೆಗೆ ಇಟ್ಟುಕೊಂಡಿರುತ್ತದೆ. ಹಾಗಾಗಿ ಅದೇ ದಿನ ಗಾಬರಿಯಾಗಿ ಮತ್ತೆ ಸೆಟ್ಟಿಂಗ್ ಮುಟ್ಟಬೇಡಿ. ಪುಟಗಳು ಒಂದೊಂದಾಗಿ ಸೇರಲು ಕೆಲವು ದಿನಗಳಿಂದ ಕೆಲವು ವಾರಗಳೂ ಹಿಡಿಯಬಹುದು. ಜಾಸ್ತಿ ಪುಟಗಳಿದ್ದರೆ ಒಂದೊಂದಕ್ಕೂ ರಿಕ್ವೆಸ್ಟ್ ಕಳಿಸುತ್ತಾ ಕೂರಬೇಡಿ, ಎಲ್ಲ ಪುಟಗಳ ವಿಳಾಸಗಳ ಪಟ್ಟಿಯಾದ ಸೈಟ್‌ಮ್ಯಾಪ್ ಸಲ್ಲಿಸಿದರೆ ಸಾಕು.