ಇ20 ಕಾರಿಗೆ ಯಾವ ಆಯಿಲ್, ಎಂಥ ಪೆಟ್ರೋಲ್: ಮಲೆನಾಡಿನ ರಸ್ತೆಯ ಲೆಕ್ಕ

"ಇ20 ಗಾಡಿಗೆ ಬೇರೆ ಆಯಿಲ್ ಬರುತ್ತಾ?" ಅಂತ ಚಿಕ್ಕಮಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಕೆಲವರು ಹೌದು ಅನ್ನುತ್ತಾರೆ, ಇನ್ನು ಕೆಲವರು ಇದ್ದಿದ್ದರಲ್ಲಿ ದುಬಾರಿ ಡಬ್ಬ ತೆಗೆದು ಮುಂದೆ ಇಡುತ್ತಾರೆ. ಇ20 ಅಂದರೆ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್, ಅದಕ್ಕೆ ಬೇರೆ ಆಯಿಲ್ ಬೇಕಾಗಿಲ್ಲ. ಎಥೆನಾಲ್ ಮತ್ತು ನೀರನ್ನು ತಾಳಿಕೊಳ್ಳುವ ಪರೀಕ್ಷೆ ಪಾಸಾದ ಆಯಿಲ್ ಆಗಿದ್ದರೆ ಸಾಕು. ಅದು ಡಬ್ಬದ ಹಿಂಬದಿಯ ಸಣ್ಣ ಅಕ್ಷರದಲ್ಲಿ ಇರುತ್ತದೆ, ಮುಂದಿನ ರೇಸ್ ಕಾರಿನ ಚಿತ್ರದಲ್ಲಿ ಅಲ್ಲ.

ನೋಡಬೇಕಾದದ್ದು ಎರಡು ಗುರುತು. ಒಂದು, ವಡೆಯ ಹಾಗೆ ನಡುವೆ ತೂತಿದ್ದಂತೆ ಕಾಣುವ ದುಂಡು ಮುದ್ರೆ. ಮೇಲರ್ಧದಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ ಎಪಿಐ ಎಸ್‌ಪಿ ಅಂತ, ಮಧ್ಯದಲ್ಲಿ ಗ್ರೇಡ್ (5ಡಬ್ಲ್ಯೂ-30 ಥರದ, ಆಯಿಲಿನ ದಪ್ಪ ಹೇಳುವ ಅಂಕಿ), ಕೆಳಗೆ 'ರಿಸೋರ್ಸ್ ಕನ್ಸರ್ವಿಂಗ್' ಅಂತ ಇರಬೇಕು. ಎರಡು, ಸೂರ್ಯನ ಕಿರಣದಂತೆ ಹಲ್ಲುಹಲ್ಲಾದ ಮುದ್ರೆ, ಅಥವಾ ಕಾರು ಕಂಪನಿಗಳ ಆಯಿಲ್ ಮಾನದಂಡವಾದ ಐಎಲ್‌ಸ್ಯಾಕ್ ಜಿಎಫ್-6ಎ ಅನ್ನುವ ಬರಹ. 0ಡಬ್ಲ್ಯೂ-16 ಆಯಿಲ್ ಆದರೆ ಜಿಎಫ್-6ಬಿ, ಮುದ್ರೆ ಗುರಾಣಿಯ ಆಕಾರದ್ದು. ಇವು 2020ರ ಮೇ ತಿಂಗಳಲ್ಲಿ ಬಂದ ದರ್ಜೆಗಳು. 2025ರ ಮಾರ್ಚ್ ಕೊನೆಯಿಂದ ಎಸ್‌ಕ್ಯೂ ಮತ್ತು ಜಿಎಫ್-7 ಬಂದಿವೆ, ಸಿಕ್ಕರೆ ಧಾರಾಳವಾಗಿ ತಗೊಳ್ಳಬಹುದು. ಮ್ಯಾನುಯಲ್‌ನಲ್ಲಿ ಹಳೆಯ ಎಸ್‌ಎನ್ ಅಂತಿದ್ದರೂ ಗ್ರೇಡ್ ಒಂದೇ ಇದ್ದರೆ ಎಸ್‌ಪಿ ಹಾಕಲು ಅಡ್ಡಿಯಿಲ್ಲ.

'ರಿಸೋರ್ಸ್ ಕನ್ಸರ್ವಿಂಗ್' ಅನ್ನುವ ಎರಡು ಪದಕ್ಕೆ ಯಾಕೆ ಇಷ್ಟು ಬೆಲೆ ಅಂದರೆ, ಇ85ವರೆಗಿನ ಎಥೆನಾಲ್ ಮಿಶ್ರಣ ಬಳಸುವ ಎಂಜಿನ್ನಿಗೆ ರಕ್ಷಣೆ ಅನ್ನುವುದು ಆ ದರ್ಜೆಯ ಷರತ್ತಿನಲ್ಲೇ ಸೇರಿದೆ. ಪರೀಕ್ಷೆಯಲ್ಲಿ ಆಯಿಲ್‌ಗೆ ಶೇ. 10 ನೀರು, ಶೇ. 10 ಇ85 ಬೆರೆಸಿ ಕಡೆದು 24 ಗಂಟೆ ಇಡುತ್ತಾರೆ. ನೀರು ಬೇರೆಯಾಗಿ ತಳಕ್ಕೆ ಇಳಿಯಬಾರದು. ಚೇಂಬರ್ (ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ) ತಳದಲ್ಲಿ ನೀರು ನಿಂತರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಪಂಪು ಮೊದಲು ಎಳೆಯುವುದು ಅದನ್ನೇ. ಆಯಿಲಿನಲ್ಲೇ ಹರಡಿಕೊಂಡಿದ್ದರೆ ಎಂಜಿನ್ ಚೆನ್ನಾಗಿ ಕಾದಾಗ ಆವಿಯಾಗಿ ಹೋಗುತ್ತದೆ. ನಮ್ಮ ಕಡೆ ಬಂಕಿನಲ್ಲೂ ಅಂಗಡಿಯಲ್ಲೂ ಸಲೀಸಾಗಿ ಸಿಗುವ 20ಡಬ್ಲ್ಯೂ-40, 20ಡಬ್ಲ್ಯೂ-50 ಆಯಿಲ್‌ಗಳಿಗೆ ಈ ಗುರುತು ಬರುವುದೇ ಇಲ್ಲ. ಹಳೆ ಜೀಪಿಗೆ ಅವು ಸರಿ, ಹೊಸ ಕಾರಿಗೆ ಬೇಡ.

ಗ್ರೇಡ್ ವಿಷಯಕ್ಕೆ ಮ್ಯಾನುಯಲ್ಲೇ ಪ್ರಮಾಣ. ಮೊದಲ ಅಂಕಿ ಚಳಿಯಲ್ಲಿ ಸ್ಟಾರ್ಟ್ ಆಗುವುದಕ್ಕೆ ಸಂಬಂಧಿಸಿದ್ದು. ಡಿಸೆಂಬರಿನ ಚಳಿಗೆ ನಾವು ಎಷ್ಟೇ ಕಂಬಳಿ ಹೊದ್ದರೂ ಎಂಜಿನ್ನಿಗೆ ಅದು ಚಳಿಯೇ ಅಲ್ಲ, 0ಡಬ್ಲ್ಯೂ ಆಯಿಲ್‌ನ ಪರೀಕ್ಷೆ ನಡೆಯುವುದು ಮೈನಸ್ 35 ಡಿಗ್ರಿಯಲ್ಲಿ. ಇಲ್ಲಿ ಮುಖ್ಯವಾಗುವುದು ಕಾದ ಆಯಿಲಿನ ದಪ್ಪ ಹೇಳುವ ಎರಡನೇ ಅಂಕಿ. ಮ್ಯಾನುಯಲ್‌ನಲ್ಲಿ 0ಡಬ್ಲ್ಯೂ-20 ಮತ್ತು 5ಡಬ್ಲ್ಯೂ-30 ಎರಡನ್ನೂ ಕೊಟ್ಟಿದ್ದರೆ ಘಾಟಿ ಮತ್ತು ಗಿಡ್ಡ ಓಡಾಟ ಎರಡೂ ಇರುವವರಿಗೆ ನನ್ನ ಆಯ್ಕೆ 5ಡಬ್ಲ್ಯೂ-30. ಬಿಸಿಯಲ್ಲಿ, ಒತ್ತಡದಲ್ಲಿ ಉಳಿಯಬೇಕಾದ ಕನಿಷ್ಠ ಸ್ನಿಗ್ಧತೆ (ದಪ್ಪ) 20ರ ಆಯಿಲ್‌ಗೆ 2.6, 30ಕ್ಕೆ 2.9 ಮಿಲಿಪ್ಯಾಸ್ಕಲ್ ಸೆಕೆಂಡ್. ಆಯಿಲಿಗೆ ಇಂಧನ ಸೇರಿ ತೆಳುವಾದಾಗ ಆ ವ್ಯತ್ಯಾಸ ಕೈ ಹಿಡಿಯುತ್ತದೆ. ಮ್ಯಾನುಯಲ್ ಒಂದೇ ಗ್ರೇಡ್ ಹೇಳಿದ್ದರೆ ಜಾಣತನ ತೋರಿಸಬಾರದು. ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆ ನಡೆಯುವುದೇ ಆಯಿಲ್ ಒತ್ತಡದಿಂದ, ದಪ್ಪ ಆಯಿಲ್ ಹಾಕಿದರೆ ಅದು ತಡವಾಗಿ ಸ್ಪಂದಿಸುತ್ತದೆ. ವಾರಂಟಿ ತಕರಾರು ಬೇರೆ. ಸರ್ವೀಸಿಗೆ ಬಿಟ್ಟರೆ ಬ್ಯಾರಲ್‌ನಿಂದ ಸುರಿಯುವ ಆಯಿಲ್‌ನ ಗ್ರೇಡನ್ನೂ ದರ್ಜೆಯನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು.

ಇಂಧನ ಆಯಿಲಿಗೆ ಸೇರುವುದು ಹೇಗೆ? ತಣ್ಣಗಿರುವ ಎಂಜಿನ್ನಿಗೆ ಇಂಜೆಕ್ಟರ್ ಜಾಸ್ತಿ ಇಂಧನ ಬಿಡುತ್ತದೆ. ಎಥೆನಾಲ್ ಆವಿಯಾಗಲು ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು ಶಾಖ ಬೇಕು, ಆವಿಯಾಗದೆ ಉಳಿದದ್ದು ಸಿಲಿಂಡರ್ ಗೋಡೆ ಜಾರಿ ಕೆಳಗೆ ಚೇಂಬರಿಗೆ. 3.3 ಲೀಟರ್ ಆಯಿಲಿಗೆ 100 ಎಂಎಲ್ ಸೇರಿದರೂ ಶೇ. 3 ಆಯಿತು. ಎಥೆನಾಲ್ 78 ಡಿಗ್ರಿಯಲ್ಲಿ ಕುದಿಯುತ್ತದೆ, ಆದ್ದರಿಂದ ಆಯಿಲ್ ಪೂರ್ತಿ ಕಾದರೆ ಅದೂ ನೀರೂ ಹೊರಬೀಳುತ್ತವೆ. ಆದರೆ ತೋಟದಿಂದ ಪೇಟೆಗೆ 6–8 ಕಿ.ಮೀ. ಓಡಾಟದಲ್ಲಿ ಆಯಿಲ್ ಕಾಯುವಷ್ಟರಲ್ಲಿ ಗಾಡಿ ನಿಲ್ಲಿಸಿ ಆಗಿರುತ್ತದೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಅಂದರೆ ನೀರು ಕಾದಿದೆ ಅಂತ ಅಷ್ಟೇ, ಆಯಿಲ್ ಕಾಯಲು ಇನ್ನೂ ಹೊತ್ತು ಬೇಕು. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿದರೆ ಒಳಗೆ ಮಜ್ಜಿಗೆ ಕಡೆಯುವಾಗ ಕಡೆಗೋಲಿಗೆ ಅಂಟುವ ಬೆಣ್ಣೆಯಂಥದ್ದು ಕಾಣುವುದು ಇದಕ್ಕೇ. ಮುಚ್ಚಳದಲ್ಲಿ ಮಾತ್ರ ಇದ್ದರೆ ಒರೆಸಿ, 40 ಕಿ.ಮೀ. ಒಂದೇ ಸಮ ಓಡಿಸಿದರೆ ಸರಿಹೋಗುತ್ತದೆ. ಕಡೂರಿಗೋ ಹಾಸನಕ್ಕೋ ವಾರಕ್ಕೊಮ್ಮೆ ಹೋಗುವ ಕೆಲಸ ಇಟ್ಟುಕೊಂಡರೆ ಆಯಿತು. ಡಿಪ್‌ಸ್ಟಿಕ್ಕಿಗೂ ಅದೇ ಅಂಟಿದ್ದು, ಕೂಲಂಟ್ ಕೂಡ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು.

ಹಾಗಾಗಿ 10,000 ಕಿ.ಮೀ. ಅಥವಾ ಒಂದು ವರ್ಷ ಅನ್ನುವ ಸಾಮಾನ್ಯ ಅವಧಿ ನಮ್ಮ ಬಳಕೆಗೆ ಒಗ್ಗುವುದಿಲ್ಲ. ಮ್ಯಾನುಯಲ್‌ನಲ್ಲಿ 'ಕಠಿಣ ಬಳಕೆ' ಅಂತ ಇನ್ನೊಂದು ಪಟ್ಟಿ ಇರುತ್ತದೆ, ಅದರಲ್ಲಿನ ಅವಧಿ ಬಹುಪಾಲು ಸಾಮಾನ್ಯ ಅವಧಿಯ ಅರ್ಧ. ನಾನು ಬದಲಿಸುವುದು ವರ್ಷಕ್ಕೆ ಎರಡು ಸಲ: ಮೃಗಶಿರಾ ಮಳೆ ಹಿಡಿಯುವ ಮುಂಚೆ ಮೇ ಕೊನೆಗೆ ಒಮ್ಮೆ, ಕಾಫಿ ಕೊಯ್ಲು ಜೋರಾಗುವ ಮುಂಚೆ ನವೆಂಬರಿನಲ್ಲಿ ಒಮ್ಮೆ. ಕಿಲೋಮೀಟರ್ 4,000 ಆಗಿರಲಿ, 5,000 ಆಗಿರಲಿ.

ನಡುವೆ ಒಂದು ತಪಾಸಣೆ. ಬಿಸಿ ಎಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ಕಿನ ತುದಿಯಿಂದ ಒಂದು ಹನಿ ಫಿಲ್ಟರ್ ಪೇಪರ್ ಮೇಲೆ ಬಿಡಬೇಕು. ನಮ್ಮ ಮನೆಗಳ ಕಾಫಿ ಫಿಲ್ಟರ್ ಹಿತ್ತಾಳೆಯದೋ ಸ್ಟೀಲಿನದೋ ಆಗಿರುವುದರಿಂದ ಇದಕ್ಕಾಗಿ ಲ್ಯಾಬ್ ಸಾಮಾನಿನ ಅಂಗಡಿಯಿಂದ ತರಬೇಕು. ಒಂದು ರಾತ್ರಿ ಬಿಟ್ಟರೆ ಕಪ್ಪು ನಡುಭಾಗದ ಸುತ್ತ ಉಂಗುರ ಮೂಡುತ್ತದೆ. ಹೊರಗಿನ ತಿಳಿಬಣ್ಣದ ಉಂಗುರ ತುಂಬಾ ಅಗಲವಾಗಿದ್ದರೆ ಇಂಧನ ಸೇರಿದೆ, ಅಂಚು ಹರಿತವಾಗಿ ಮುಳ್ಳುಮುಳ್ಳಾಗಿದ್ದರೆ ನೀರು. ಮಟ್ಟ ಏರುತ್ತಿದ್ದರಂತೂ ಕಾಗದವೂ ಬೇಡ. ಆಯಿಲ್ ತಾನಾಗಿ ಹುಟ್ಟುವುದಿಲ್ಲವಲ್ಲ.

ಬದಲಿಸುವ ಕೆಲಸ ಮುಕ್ಕಾಲು ಗಂಟೆಯದ್ದು. 10 ಕಿ.ಮೀ. ಓಡಿಸಿ ಬಂದು ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ಚೇಂಬರ್ ಬೋಲ್ಟ್ ಬಿಚ್ಚಿ 15 ನಿಮಿಷ ಇಳಿಯಲು ಬಿಡಬೇಕು. ರ‍್ಯಾಂಪ್ ಏರಿಸಿದ್ದರೆ ಸ್ವಲ್ಪ ಆಯಿಲ್ ಒಳಗೇ ನಿಲ್ಲುತ್ತದೆ. ವಾಷರ್ ಪ್ರತಿ ಸಲ ಹೊಸದು. ಬೋಲ್ಟ್ ಬಿಗಿ ನನ್ನ ಎಂಜಿನ್ನಿಗೆ 35 ನ್ಯೂಟನ್ ಮೀಟರ್, ಅಲ್ಯುಮಿನಿಯಂ ಚೇಂಬರಿಗೆ ಕೈಬಲ ತೋರಿಸಿದರೆ ಥ್ರೆಡ್ ಹೋಗುತ್ತದೆ. ಫಿಲ್ಟರ್ ಬಿಚ್ಚಿದ ಮೇಲೆ ಬ್ಲಾಕಿನ ಮೇಲೆ ಬೆರಳಾಡಿಸಿ ನೋಡುವುದನ್ನು ಬಿಡಬಾರದು. ಹಳೆ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡಿದ್ದು ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಮೊದಲ ಏರಿನಲ್ಲೇ ಆಯಿಲ್ ಚಿಮ್ಮುತ್ತದೆ. ಹೊಸ ರಿಂಗಿಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಮೊದಲು 3 ಲೀಟರ್ ಹಾಕಿ, ಅರ್ಧ ನಿಮಿಷ ಸ್ಟಾರ್ಟ್ ಮಾಡಿ, ಐದು ನಿಮಿಷ ಕಾದು, ಆಮೇಲೆ 100 ಎಂಎಲ್‌ನಂತೆ ಸೇರಿಸುವುದು. ಮೇಲಿನ ಗೆರೆ ದಾಟಿದರೆ ಕ್ರ್ಯಾಂಕ್ ಬಡಿದು ನೊರೆ ಬರುತ್ತದೆ. ಹಳೆ ಆಯಿಲನ್ನು ಗೆದ್ದಲಿಗೆ ಅಂತ ಬೇಲಿ ಕಂಬಕ್ಕೆ ಬಳಿಯುವ ರೂಢಿ ನಮ್ಮಲ್ಲಿದೆ. ಮಳೆಗೆ ತೊಳೆದು ಬಾವಿಗೇ ಇಳಿಯುತ್ತದೆ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡುವುದೇ ವಾಸಿ. ಖಾಲಿ ಡಬ್ಬಕ್ಕೆ ಮೊಳೆ ಹೊಡೆದು ತೂತು ಮಾಡಿ ಗುಜರಿಗೆ ಹಾಕುತ್ತೇನೆ, ಇಲ್ಲದಿದ್ದರೆ ಅದರಲ್ಲೇ ನಕಲಿ ಆಯಿಲ್ ತುಂಬಿ ಮತ್ತೆ ಕಪಾಟಿಗೆ ಬರಬಹುದು.

ಇನ್ನು ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಶುರುವಾದ ಇ20 ಈಗ ಮಾಮೂಲಿ ಪೆಟ್ರೋಲೇ ಆಗಿದೆ, ಅದರ ಆಕ್ಟೇನ್ (ಎಂಜಿನ್ ನಾಕ್ ಆಗದಂತೆ, ಅಂದರೆ ಕಟಕಟ ಬಡಿಯದಂತೆ ತಡೆಯುವ ಗುಣದ ಅಂಕಿ) 95. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು ಶೇ. 11 ಕಡಿಮೆ, ಟರ್ಬೊ ಇಲ್ಲದ ಎಂಜಿನ್ ಇಲ್ಲಿ ನಾಕ್ ಆಗುವ ಸಂಭವವೂ ಕಡಿಮೆ. ಮ್ಯಾನುಯಲ್ ಕೇಳದಿದ್ದರೆ ಪ್ರೀಮಿಯಂ ಪೆಟ್ರೋಲಿಗೆ ಹೆಚ್ಚು ಕೊಟ್ಟ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೈಲೇಜ್ ಇಳಿಯುವುದಂತೂ ನಿಜ, ಶುದ್ಧ ಪೆಟ್ರೋಲಿಗಿಂತ ಇ20ಯಲ್ಲಿ ಲೀಟರಿಗೆ ಸುಮಾರು ಶೇ. 7 ಶಕ್ತಿ ಕಮ್ಮಿ. ಇ20ಗೆಂದೇ ಟ್ಯೂನ್ ಮಾಡಿದ ಎಂಜಿನ್ನಿನಲ್ಲಿ ಇಳಿಕೆ ಅದಕ್ಕಿಂತ ಕಡಿಮೆ.

ಭಯಪಡಬೇಕಾದದ್ದು ನೀರಿಗೆ. ಇ10 ಪೆಟ್ರೋಲ್ 15 ಡಿಗ್ರಿಯಲ್ಲಿ ಸುಮಾರು ಅರ್ಧ ಪರ್ಸೆಂಟ್ ನೀರು ಹಿಡಿದುಕೊಳ್ಳುತ್ತದೆ, ಇ20 ಇನ್ನೂ ತುಸು ಜಾಸ್ತಿ. ಮಿತಿ ದಾಟಿದರೆ ನೀರು ಎಥೆನಾಲನ್ನೂ ಎಳೆದುಕೊಂಡು ತಳಕ್ಕೆ ಕೂರುತ್ತದೆ, ಪಂಪು ಹೀರುವುದು ತಳದಿಂದಲೇ. ತಣ್ಣಗಾದಷ್ಟೂ ಆ ಮಿತಿ ಇಳಿಯುತ್ತದೆ. ಕಡೂರಿನ ಮಧ್ಯಾಹ್ನದ ಬಿಸಿಲಲ್ಲಿ ತುಂಬಿಸಿದ ಪೆಟ್ರೋಲ್ ಮುಳ್ಳಯ್ಯನಗಿರಿಯ ಬೆಳಗಿನ ಜಾವ ಬೇರೆ ಥರ ವರ್ತಿಸುವುದು ಹೀಗೆ. ಬಂಕಿನಲ್ಲಿ ಟ್ಯಾಂಕರ್ ಇಳಿಸುತ್ತಿರುವಾಗ ತುಂಬಿಸುವುದಿಲ್ಲ. ಜೋರು ಮಳೆಯ ಮರುದಿನ ಅನುಮಾನ ಬಂದರೆ ಪೆಟ್ರೋಲಿನ ಡೆನ್ಸಿಟಿ (ಸಾಂದ್ರತೆ) ಕೇಳುತ್ತೇನೆ, ತೋರಿಸಲೇಬೇಕು.

ಮನೆಯಲ್ಲಿ ಪರೀಕ್ಷೆಗೆ 100 ಎಂಎಲ್‌ನ ಅಳತೆ ಸಿಲಿಂಡರ್ ಸಾಕು. ಒಲೆಯಿಂದ ದೂರ, ಹೊರಗೆ, ಎರಡು ಹನಿ ಶಾಯಿ ಬೆರೆಸಿದ 20 ಎಂಎಲ್ ನೀರು, ಅದರ ಮೇಲೆ 80 ಎಂಎಲ್ ಪೆಟ್ರೋಲ್. ಮುಚ್ಚಿ ಅಲ್ಲಾಡಿಸಿ, ಒಮ್ಮೆ ಮುಚ್ಚಳ ಸಡಿಲಿಸಿ ಆವಿ ಬಿಟ್ಟು, ಹತ್ತು ನಿಮಿಷ ನಿಲ್ಲಿಸಬೇಕು. ಎಥೆನಾಲ್ ನೀರಿಗೆ ಇಳಿದು ಶಾಯಿ ಬಣ್ಣದ ಪದರ ಏರುತ್ತದೆ: 36ರ ಆಸುಪಾಸು ನಿಂತರೆ ಇ20, 28 ಆದರೆ ಇ10. ಒಂದೆರಡು ಎಂಎಲ್ ಹೆಚ್ಚುಕಮ್ಮಿ ಸಹಜ. ಆ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಸುರಿಯಬಾರದು.

ಇ20ಯಿಂದ ಇ85ವರೆಗೆ ಯಾವ ಬೆರಕೆಯಲ್ಲೂ ಓಡುವ ಫ್ಲೆಕ್ಸ್ ಫ್ಯೂಯಲ್ ಕಾರು ತಗೊಳ್ಳುವವರಿಗೆ ಆಯಿಲ್ ಲೆಕ್ಕ ಇದೇ, ಅವಧಿಯಲ್ಲಿ ಮಾತ್ರ ಇನ್ನಷ್ಟು ಕಟ್ಟುನಿಟ್ಟು. ಇಂಧನದ ಲೆಕ್ಕ ಬೇರೆ. ಇ85ರಲ್ಲಿ ಲೀಟರಿಗೆ ಸಿಗುವ ಶಕ್ತಿ ಇ20ಯ ಶೇ. 76ರಷ್ಟು. ಇ20 ಲೀಟರಿಗೆ 100 ರೂಪಾಯಿ ಅಂದುಕೊಂಡರೆ ಇ85 76ಕ್ಕಿಂತ ಕೆಳಗೆ ಸಿಕ್ಕರಷ್ಟೇ ಲಾಭ. ಬೆರಕೆಗೆ ಭಯವಿಲ್ಲ: 12 ಲೀಟರ್ ಇ20 ಇರುವ ಟ್ಯಾಂಕಿಗೆ 25 ಲೀಟರ್ ಇ85 ಹಾಕಿದರೆ ಎಥೆನಾಲ್ ಸುಮಾರು ಶೇ. 64. ಆದರೆ ಇ85 ತುಂಬಿಸಿದ ತಕ್ಷಣ ಮನೆಗೆ ಬಂದು ನಿಲ್ಲಿಸಬಾರದು. ಪೈಪಿನಲ್ಲಿ ಹಳೆ ಇಂಧನವೇ ಇರುತ್ತದೆ, ಕಂಪ್ಯೂಟರ್ ಹೊಸ ಬೆರಕೆಯನ್ನು ಇನ್ನೂ ಅಳೆದಿರುವುದಿಲ್ಲ, ಬೆಳಗಿನ ಚಳಿಯಲ್ಲಿ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತಾಗುತ್ತದೆ. ಬಂಕಿನಿಂದ ಹೊರಟ ಮೇಲೆ 8–10 ಕಿ.ಮೀ. ಓಡಿಸಿಯೇ ನಿಲ್ಲಿಸಬೇಕು. ಅದೇ ಬಂಕಿನಲ್ಲಿ ಕಳೆ ಕಟ್ಟರ್‌ಗೆ ಅಂತ ಕ್ಯಾನಿಗೂ ಇ85 ಹಿಡಿಸಿಕೊಂಡು ಬಂದರೆ ಅದರ ಕಾರ್ಬ್ಯುರೇಟರ್ ಡಯಾಫ್ರಾಮ್ ಆ ಸೀಸನ್ ದಾಟುವುದಿಲ್ಲ.