ಮಗ ಯಾವುದೋ ಗುಂಪಿಗೆ ಸೇರಿಕೊಂಡಿದ್ದಾನೆ ಅನ್ನಿಸಿದರೆ

ಜಗಳೂರಿಂದಲೋ ಮೊಳಕಾಲ್ಮೂರಿಂದಲೋ ದಾವಣಗೆರೆಗೆ ಓದಲು ಬಂದ ಹುಡುಗ, ಮನೆಯವರಿಂದ ದೂರ ಮಾಡಿ ಮೆಲ್ಲಗೆ ಹಿಡಿತಕ್ಕೆ ತೆಗೆದುಕೊಳ್ಳುವ ಗುಂಪೊಂದಕ್ಕೆ ಸಿಕ್ಕಿಬಿದ್ದನೆಂದು ಗೊತ್ತಾದಾಗ ಮನೆಯವರ ಮೊದಲ ಮಾತು, 'ಓದಿದೋನಿಗೆ ಇಷ್ಟೂ ಬುದ್ಧಿ ಬೇಡ್ವಾ?' ಓದಿಗೂ ಇದಕ್ಕೂ ನಂಟಿಲ್ಲ. 1995ರ ಮಾರ್ಚ್ 20ರಂದು ಟೋಕಿಯೊ ಮೆಟ್ರೊದಲ್ಲಿ ಸಾರಿನ್ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೊ ಪಂಥದವರಲ್ಲಿ ಹೃದಯ ಶಸ್ತ್ರವೈದ್ಯನಿದ್ದ, ಭೌತಶಾಸ್ತ್ರ ಓದಿದವರಿದ್ದರು.

ಯಾವಾಗ ಸಿಕ್ಕಿದ ಅನ್ನೋದನ್ನು ಮೊದಲು ಲೆಕ್ಕ ಹಾಕಿ. ಪಿಜಿಗೆ ಬಂದ ಹೊಸತು, ಸಬ್ಜೆಕ್ಟ್ ಉಳಿದುಕೊಂಡ ಸೆಮಿಸ್ಟರ್, ಮನೆಯಲ್ಲೊಂದು ಸಾವು, ಮುರಿದ ಪ್ರೀತಿ. ಆ ಹೊತ್ತಿಗೆ ಯಾರೋ ಮಂಡಕ್ಕಿ-ಮೆಣಸಿನಕಾಯಿ ಕೊಡಿಸುತ್ತಾರೆ. ರಾತ್ರಿ 'ಊಟ ಆಯ್ತಾ' ಅಂತ ಮೆಸೇಜು ಬರುತ್ತದೆ. ಸಿದ್ಧಾಂತದ ಮಾತೇ ಇಲ್ಲ. ಆಮೇಲೆ ಭಾನುವಾರ ಒಂದು ತಾಸು, ಎರಡು ದಿನದ ಶಿಬಿರ, ಸಣ್ಣ ದೇಣಿಗೆ, ನಿದ್ದೆಗೆಟ್ಟ ರಾತ್ರಿಗಳು. ಪ್ರತಿ ಸಲವೂ ಕೇಳುವುದು ಹಿಂದಿನದಕ್ಕಿಂತ ಚೂರೇ ಜಾಸ್ತಿ. 'ಇಷ್ಟು ಕೊಟ್ಟಾಯ್ತಲ್ಲ' ಅನ್ನುವುದೇ ಮುಂದಿನದಕ್ಕೆ ಎಳೆಯುತ್ತದೆ.

ಹಾಗಂತ ಪ್ರತಿ ಭಜನಾ ಮಂಡಳಿ, ಪ್ರತಿ ಸಂಘದ ಮೇಲೂ ಅನುಮಾನ ಪಡಬೇಡಿ. ಒಂದು ವಾರ ತಪ್ಪಿಸಿಕೊಂಡರೆ ಏನನ್ನುತ್ತಾರೆ? ದುಡ್ಡಿನ ಲೆಕ್ಕ ಕೇಳಬಹುದಾ? ಬಿಟ್ಟುಹೋದವರನ್ನು ದ್ರೋಹಿ ಅಂತಾರಾ? ಇವಕ್ಕೆ ಅವನ ಬಾಯಿಂದ ಬರುವ ಉತ್ತರವೇ ಸಾಕು.

ಅಪ್ಪ ಬಸ್ಸು ಹತ್ತಿ ಬಂದು ಪಿಜಿ ಬಾಗಿಲಲ್ಲಿ ಕೂಗಾಡಿ ಫೋನ್ ಕಸಿದುಕೊಂಡರೆ ಕೆಲಸ ಕೆಟ್ಟಿತು. 'ಮನೆಯವರು ನಿನ್ನ ದಾರಿಗೆ ಅಡ್ಡ ಬರ್ತಾರೆ' ಅಂತ ಗುಂಪಿನವರು ಮೊದಲೇ ಹೇಳಿರುತ್ತಾರೆ. ನೀವೇ ಅದನ್ನು ನಿಜ ಮಾಡಿದಂತಾಯಿತು. ಅದರ ಬದಲು ವಾರಕ್ಕೆರಡು ದಿನ, ಅದೇ ಹೊತ್ತಿಗೆ, ಹತ್ತು ನಿಮಿಷ ಫೋನ್ ಮಾಡಿ. ಬೋರ್‌ವೆಲ್ ನೀರು, ಮೆಕ್ಕೆಜೋಳದ ರೇಟು, ಅಜ್ಜಿಯ ಮಂಡಿನೋವು, ಇಷ್ಟೇ. ಗುಂಪಿನ ಮಾತು ಅವನೇ ತೆಗೆದರೆ ವಾದಕ್ಕಿಳಿಯದೆ ಒಂದೇ ಪ್ರಶ್ನೆ ಕೇಳಿ ಬಿಟ್ಟುಬಿಡಿ.

ಫೀಸನ್ನು ನೇರವಾಗಿ ಕಾಲೇಜಿಗೇ ಕಟ್ಟಿ, ಮೂಲ ಅಂಕಪಟ್ಟಿ ಮನೆಯಲ್ಲಿಡಿ. ಊಟ-ಬಾಡಿಗೆ ಮಾತ್ರ ನಿಲ್ಲಿಸಬೇಡಿ, ನಿಲ್ಲಿಸಿದರೆ ಅನ್ನ ಹಾಕುವವರು ಅವರೇ ಆಗುತ್ತಾರೆ. ಹೈಸ್ಕೂಲಿನ ಗೆಳೆಯನೊಬ್ಬನನ್ನು ಕಳಿಸಿ ನೋಡಿ. ಅಪ್ಪನಿಗೆ ಹೇಳದ್ದು ಅವನ ಹತ್ತಿರ ಬರುತ್ತದೆ. ಹೊಡೆಯುವ, ಕೊಲ್ಲುವ, ಸಾಯುವ ಮಾತು ಬಂದರೆ ಕಾಯಬೇಡಿ, ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416, ಹಗಲುರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ.

ಬಿಟ್ಟು ಬಂದ ಮೇಲೂ ಸಭೆ ನಡೆಯುತ್ತಿದ್ದ ಹೊತ್ತು ಕಷ್ಟದ್ದೇ. 'ನಾವು ಹೇಳಿರಲಿಲ್ವಾ' ಅನ್ನಬೇಡಿ. ಆ ಸಂಜೆಗಳಲ್ಲಿ ಕ್ರಿಕೆಟ್ಟೋ ಹೊಲಕ್ಕೆ ನೀರು ಹಾಯಿಸುವುದೋ, ಜೊತೆಗೆ ಯಾರಾದರೂ ಇರಲಿ.